ಇನ್‌ಫೆಂಟ್, ಟಾಡ್ಲರ್, ಕಿಡ್: ಎಲ್ಲಕ್ಕೂ ‘ಮಗು’ ಅಂತ ಬರೆದರೆ ಸಾಕಾ?

ಪ್ರಶ್ನೆ: ಮೇಡಂ, ಮಕ್ಕಳ ಆರೈಕೆಯ ಒಂದು ಪುಟ್ಟ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ನಿಯೋನೇಟ್, ಇನ್‌ಫೆಂಟ್, ಟಾಡ್ಲರ್, ಕಿಡ್ ಅಂತೆಲ್ಲ ಬರುತ್ತದೆ. ನಾನು ಎಲ್ಲಕ್ಕೂ ‘ಮಗು’ ಅಂತ ಹಾಕಿದೆ. ಓದಿದ ಗೆಳತಿ, “ಯಾವ ವಯಸ್ಸಿನ ಮಗು ಅಂತಲೇ ಗೊತ್ತಾಗುತ್ತಿಲ್ಲ” ಅಂದಳು. ಬೇರೆ ಬೇರೆ ಪದ ಬೇಕೇ ಬೇಕಾ?

ಉತ್ತರ (ಅನುವಾದಕಿ): ನಿಮ್ಮ ಗೆಳತಿ ಹೇಳಿದ್ದು ಸರಿ. ಆರೈಕೆಯ ಕೈಪಿಡಿ ಅಂದಮೇಲೆ ಬೇಕೇ ಬೇಕು. ಹುಟ್ಟಿದ ಮೊದಲ 28 ದಿನ ನಿಯೋನೇಟ್. ಇದಕ್ಕೆ ‘ನವಜಾತ ಶಿಶು’ ಎಂಬ ಪದ ಈಗಾಗಲೇ ಬಳಕೆಯಲ್ಲಿದೆ. ವರ್ಷ ತುಂಬುವವರೆಗೆ ಇನ್‌ಫೆಂಟ್. ಸುಮಾರು ಒಂದರಿಂದ ಮೂರು ವರ್ಷದವರೆಗೆ ಟಾಡ್ಲರ್.

ಇನ್‌ಫೆಂಟ್ ಪದದ ಬೇರು ಲ್ಯಾಟಿನ್‌ನಲ್ಲಿದೆ. ‘ಮಾತು ಬಾರದ್ದು’ ಎಂದು ಅದರ ಅರ್ಥ. ಟಾಡ್ಲರ್ ಬಂದದ್ದು ಟಾಡಲ್ ಎಂಬ ಕ್ರಿಯಾಪದದಿಂದ, ಅಂದರೆ ತಟ್ಟಾಡುತ್ತಾ ನಡೆಯುವುದು. ಒಂದು ಪದ ಮಗುವಿನ ಬಾಯಿ ನೋಡುತ್ತದೆ, ಇನ್ನೊಂದು ಕಾಲು ನೋಡುತ್ತದೆ. ನಾವೂ ಹಾಗೇ ನೋಡುತ್ತೇವೆ, ಅಲ್ವಾ? ಅಂಬೆಗಾಲಿಡುವ ಮಗು, ತಪ್ಪುಹೆಜ್ಜೆ ಇಡುವ ಮಗು ಅನ್ನುತ್ತೇವೆ. ಹಾಗಾಗಿ ಇನ್‌ಫೆಂಟ್‌ಗೆ ‘ಹಸುಗೂಸು’, ಟಾಡ್ಲರ್‌ಗೆ ‘ಈಗಷ್ಟೇ ನಡೆಯುವ ಮಗು’ ಅಂತ ಬರೆಯಿರಿ. ಮೊದಲ ಸಲ ಬಂದಾಗ ಪಕ್ಕದಲ್ಲೇ ವಯಸ್ಸನ್ನೂ ಹೇಳಿಬಿಡಿ.

ಔಷಧಿಯ ವಿಷಯ ಬಂದಲ್ಲಿ ಮಾತ್ರ ತುಂಬಾ ಎಚ್ಚರ. ಹಸುಗೂಸಿಗೆ ಕೊಡುವ ಡ್ರಾಪ್ಸ್, ದೊಡ್ಡ ಮಕ್ಕಳಿಗೆ ಕೊಡುವ ಸಿರಪ್‌ಗಿಂತ ಜಾಸ್ತಿ ಗಾಢವಾಗಿರಬಹುದು. ಅಂಥ ಕಡೆ ‘ಮಗು’ ಅಂತ ಸುಮ್ನೆ ಬರೆದು ಬಿಟ್ಟರೆ ಅಳತೆಯೇ ತಪ್ಪಿಹೋಗುತ್ತದೆ. ಆ ಪುಟಗಳನ್ನು ಮಕ್ಕಳ ವೈದ್ಯರಿಗೆ ತೋರಿಸದೆ ಅಚ್ಚಿಗೆ ಕೊಡಬೇಡಿ.

ಕಿಡ್ ಹಾಗಲ್ಲ. ಅದು ಸಲುಗೆಯ ಮಾತು, ವಯಸ್ಸಿನ ಲೆಕ್ಕವಿಲ್ಲ. ಮೂಲದಲ್ಲಿ ಕಿಡ್ ಎಂದರೆ ಮೇಕೆಮರಿ. ನಾವು ಮಕ್ಕಳನ್ನು “ಬಾ ಮರಿ” ಅಂತ ಕರೆಯುವುದಿಲ್ವಾ, ಅದೇ ಮಮತೆ ಅಲ್ಲೂ ಇದೆ. ಇದನ್ನು ‘ಮಗು’, ‘ಮಕ್ಕಳು’ ಅಂತ ಬರೆದರೆ ಏನೂ ತೊಂದರೆ ಇಲ್ಲ.

ಪ್ರಶ್ನೆ: ನನ್ನದೂ ಒಂದು, ಮೇಡಂ. ಹಿರಿಯ ಸಹೋದ್ಯೋಗಿಯ ನಗುವನ್ನು ಹೊಗಳೋಣ ಅಂತ ‘ಚೈಲ್ಡಿಶ್’ ಅಂತ ಬರೆದೆ. ಅವರು ಬೇಸರ ಮಾಡಿಕೊಂಡರು. ಏನು ತಪ್ಪಾಯಿತು?

ಉತ್ತರ: ನಿಮಗೆ ಬೇಕಾಗಿದ್ದ ಪದ ಚೈಲ್ಡ್‌ಲೈಕ್. ಮಗುವಿನಂಥ ಮುಗ್ಧತೆ, ಕುತೂಹಲ, ಕಪಟವಿಲ್ಲದ ನಗು, ಇದೆಲ್ಲ ಅದರಲ್ಲಿ ಬರುತ್ತದೆ. ದೊಡ್ಡವರ ಬಗ್ಗೆ ಚೈಲ್ಡಿಶ್ ಅಂದರೆ ‘ಇಷ್ಟು ವಯಸ್ಸಾದರೂ ಹುಡುಗಾಟ ಬಿಟ್ಟಿಲ್ಲ’ ಎಂಬ ದೂರು. ಪ್ಯೂರೈಲ್ ಅಂದರೆ ಇನ್ನೂ ಖಾರ. ಅವರಿಗೆ ನಿಮ್ಮ ಮನಸ್ಸಿನಲ್ಲಿದ್ದದ್ದನ್ನು ಬಿಡಿಸಿ ಹೇಳಿ. ಪದ ತಪ್ಪಿತ್ತು, ಭಾವನೆ ತಪ್ಪಿರಲಿಲ್ಲವಲ್ಲ.

ಪ್ರಶ್ನೆ: ಟೀನೇಜರ್ ಮತ್ತು ಅಡೊಲೆಸೆಂಟ್ ಒಂದೇನಾ?

ಉತ್ತರ: ಪೂರ್ತಿ ಒಂದಲ್ಲ. ಇಂಗ್ಲಿಷಿನಲ್ಲಿ 13ರಿಂದ 19ರವರೆಗಿನ ಸಂಖ್ಯೆಗಳ ಹೆಸರು ‘ಟೀನ್’ ಎಂದು ಮುಗಿಯುತ್ತದೆ. ಆ ವಯಸ್ಸಿನವರು ಟೀನೇಜರ್. ಅಡೊಲೆಸೆಂಟ್ ಬಂದದ್ದು ‘ಬೆಳೆ’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ. ಅಡಲ್ಟ್ ಕೂಡ ಅದೇ ಬೇರಿನದು: ಒಬ್ಬರು ಬೆಳೆಯುತ್ತಿರುವವರು, ಇನ್ನೊಬ್ಬರು ಬೆಳೆದವರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದವರು ಅಡೊಲೆಸೆಂಟ್. ಅಂದರೆ 11 ವರ್ಷದ ಹುಡುಗಿ ಅಡೊಲೆಸೆಂಟ್ ಹೌದು, ಟೀನೇಜರ್ ಅಲ್ಲ. ನಮ್ಮ ‘ಹದಿಹರೆಯ’ ಎಷ್ಟು ಚೆನ್ನಾಗಿದೆ ನೋಡಿ. ಹದಿಮೂರು, ಹದಿನಾಲ್ಕರ ‘ಹದಿ’ ಅದರಲ್ಲಿ ಹಾಗೇ ಕೂತಿದೆ. ಮೈನರ್ ಮಾತ್ರ ಕಾನೂನಿನ ಪದ, ಅದಕ್ಕೆ ‘ಅಪ್ರಾಪ್ತ’ ಅಂತಲೇ ಬರೆಯಿರಿ.

ಪ್ರಶ್ನೆ: ಚೈಲ್ಡ್‌ಗೆ ಬಹುವಚನ ಚಿಲ್ಡ್ರನ್ ಯಾಕೆ? ನನ್ನ ಮಗಳು ಕೇಳಿದಳು, ಉತ್ತರ ಹೊಳೆಯಲಿಲ್ಲ.

ಉತ್ತರ: ಒಳ್ಳೆ ಪ್ರಶ್ನೆ ಕೇಳಿದ್ದಾಳೆ! ಹಿಂದೆ ‘ಚಿಲ್ಡರ್’ ಅಂತಿತ್ತು, ಅದೇ ಬಹುವಚನ. ಆಮೇಲೆ ಆಕ್ಸ್ (ಎತ್ತು) ಪದದ ಬಹುವಚನ ಆಕ್ಸನ್‌ನಲ್ಲಿ ಇದೆಯಲ್ಲ, ಆ ‘ಎನ್’ ಕೂಡ ಅದರ ಮೇಲೆ ಸೇರಿಕೊಂಡಿತು. ಬಹುವಚನದ ಮೇಲೆ ಬಹುವಚನ. ಕೆಲವರು ‘ಮಕ್ಕಳುಗಳು’ ಅನ್ನುತ್ತಾರಲ್ಲ, ಹಾಗೆ.

ಪ್ರಶ್ನೆ (ಮೊದಲು ಕೇಳಿದವರು): ಕೊನೆಯದು, ಮೇಡಂ. ಫಾಸ್ಟರ್ ಚೈಲ್ಡ್, ಅಡಾಪ್ಟೆಡ್ ಚೈಲ್ಡ್ ಎರಡಕ್ಕೂ ‘ಸಾಕು ಮಗು’ ಆಗುತ್ತದಾ?

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಫಾಸ್ಟರ್ ಎಂದರೆ ಹೆತ್ತವರು ನೋಡಿಕೊಳ್ಳಲು ಆಗದಿದ್ದಾಗ ಇನ್ನೊಂದು ಮನೆಯವರು ಸಾಮಾನ್ಯವಾಗಿ ಸ್ವಲ್ಪ ಕಾಲ ಮಗುವನ್ನು ಸಾಕುವುದು. ಆ ಪದದ ಹಳೆಯ ಅರ್ಥವೇ ‘ಉಣಿಸು, ಪೋಷಿಸು’. ಹಾಗಾಗಿ ‘ಪೋಷಣೆಯಲ್ಲಿರುವ ಮಗು’ ಅನ್ನಬಹುದು. ಅಡಾಪ್ಟ್ ಎಂದರೆ ದತ್ತು. ಆ ಮಗು ಕಾನೂನಿನಲ್ಲೂ ಮನೆಯಲ್ಲೂ ಪೂರ್ತಿ ಅವರ ಮಗುವೇ. ಕೈಪಿಡಿಯಲ್ಲಿ ‘ಸ್ವಂತ ಮಗು, ದತ್ತು ಮಗು’ ಅಂತ ಎದುರುಬದುರು ಇಡಬೇಡಿ. ಅದನ್ನು ಓದುವವರಲ್ಲಿ ದತ್ತು ಬಂದ ಮಕ್ಕಳೂ ಇರುತ್ತಾರೆ. ವ್ಯತ್ಯಾಸ ಹೇಳಲೇಬೇಕಾದ ಕಡೆ ‘ಹೆತ್ತ ಮಗು’ ಅನ್ನಿ. ಉಳಿದ ಕಡೆಯೆಲ್ಲ ‘ಅವರ ಮಗ’, ‘ಅವರ ಮಗಳು’ ಅಂದರೆ ಸಾಕು.