ಪದಚರ್ಚೆ: ‘ಕಂಡ್ಯೂಟ್ ಬಾಂಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಕ್ಯಾಲಿಫೋರ್ನಿಯಾದ ನಮ್ಮೂರಲ್ಲಿ ಲಾಭರಹಿತ ಸಂಸ್ಥೆಯೊಂದು ಹಿರಿಯರಿಗೆ ಮನೆ ಕಟ್ಟಲು ಹೊರಟಿದೆ. ಕಂಡ್ಯೂಟ್ ಬಾಂಡ್ (ಬೇರೆ ಸಂಸ್ಥೆಗಾಗಿ ಸರ್ಕಾರಿ ಹೆಸರಲ್ಲಿ ಹೊರಡಿಸುವ ಸಾಲಪತ್ರ) ಮೂಲಕ ಹಣ ಎತ್ತಲು ಸಿಟಿ ಕೌನ್ಸಿಲ್ ಒಪ್ಪಬೇಕು, ಮುಂದಿನ ವಾರ ಸಾರ್ವಜನಿಕ ಅಹವಾಲು. ಇಲ್ಲಿರುವ ಕನ್ನಡದ ಹಿರಿಯರಿಗಾಗಿ ಕರಪತ್ರ ಮಾಡುತ್ತಿದ್ದೇನೆ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಕಂಡ್ಯೂಟ್ ಎಂದರೆ ನಾಲೆ, ಕೊಳವೆ; ಆದರೆ ‘ನಾಲಾ ಬಾಂಡ್’ ಅಂದರೆ ಚರಂಡಿ ಕೆಲಸ ಅಂದುಕೊಳ್ಳುತ್ತಾರೆ. ‘ಜಾಮೀನು ಸಾಲಪತ್ರ’ ಆದೀತೇ?

— ಸ್ಯಾನ್ ಹೋಸೆ ಬಳಿಯಿಂದ

ಮರು:
ಜಾಮೀನು ಅರಬಿಯಿಂದ ಪಾರಸಿ ಹಾದು ಬಂದದ್ದು. ನಮ್ಮದು ಹೊಣೆ. ಹಳಗನ್ನಡದ ‘ಪೊಣೆ’ಗೆ ಜಾಮೀನೆಂಬುದೇ ತಿರುಳು. ನಾಲೆಯೂ ಬೇಡ, ಅದು ಸಕ್ಕದದ (ಸಂಸ್ಕೃತದ) ನಾಳ. ಗದ್ದೆಗೆ ನೀರು ‘ಹಾಯಿಸು’ತ್ತೇವಲ್ಲ, ಆ ಎಸಕಪದದಿಂದ (ಕ್ರಿಯಾಪದದಿಂದ) ‘ಹಾಯ್ಸಾಲ’ ಎನ್ನಿ. ಮುಗೀತು.

— ಶಿವಮೊಗ್ಗ

ಮರು:
ಹಾಯ್ಸಾಲ ಯಾರಿಗೂ ತಿಳಿಯದು. ಜಾಮೀನು, ಹೊಣೆ ಎರಡೂ ಇಲ್ಲಿ ತಪ್ಪು. ಯಾವ ನುಡಿಯಿಂದ ಬಂದವು ಎಂಬುದಕ್ಕಲ್ಲ, ನಗರ ಇಲ್ಲಿ ಜಾಮೀನು ನಿಲ್ಲುವುದೇ ಇಲ್ಲ, ಅದಕ್ಕೆ.

ನಾನು ಮಿನೆಸೋಟದ ಒಂದು ಸಣ್ಣ ಊರಿನ ಹಣಕಾಸು ವಿಭಾಗದಲ್ಲಿದ್ದೇನೆ. ಬಾಂಡಿನ ಮೇಲೆ ಹೆಸರು ನಗರದ್ದೋ ಸರ್ಕಾರಿ ಪ್ರಾಧಿಕಾರದ್ದೋ ಇರುತ್ತದೆ. ಹಣ ಬಳಸುವುದೂ ತೀರಿಸುವುದೂ ಆಸ್ಪತ್ರೆ, ಕಾಲೇಜು ಅಥವಾ ವಸತಿ ಸಂಸ್ಥೆ. ಹಾಗೆ ಹೊರಡಿಸಿದ್ದರಿಂದ ಬಾಂಡ್ ಕೊಂಡವರ ಬಡ್ಡಿಗೆ ಫೆಡರಲ್ ಆದಾಯ ತೆರಿಗೆ ಬೀಳುವುದಿಲ್ಲ, ಅವರು ಕಡಿಮೆ ಬಡ್ಡಿಗೇ ಒಪ್ಪುತ್ತಾರೆ. ಸಂಸ್ಥೆ ಕಂತು ತಪ್ಪಿಸಿದರೂ ನಗರದ ತೆರಿಗೆ ಹಣಕ್ಕೆ ಯಾರೂ ಕೈ ಹಾಕುವಂತಿಲ್ಲ. ಜಾಮೀನು ಎಂದು ಅಚ್ಚು ಹಾಕಿದರೆ ಹಿರಿಯರು ಅಹವಾಲಿಗೆ ಹೋಗಿ, ‘ನಮ್ಮ ತೆರಿಗೆ ದುಡ್ಡು ಯಾಕೆ ಒತ್ತೆ ಇಡ್ತೀರಿ’ ಎಂದು ಜಗಳಕ್ಕೆ ನಿಲ್ಲುತ್ತಾರೆ.

ಅವರು ಕೇಳಬೇಕಾದ್ದು ಬೇರೆ. 1982ರ ಫೆಡರಲ್ ತೆರಿಗೆ ಕಾಯ್ದೆಯಿಂದ ಈ ಅಹವಾಲು ಕಡ್ಡಾಯವಾಯಿತು. ಕಟ್ಟಡದಿಂದ ಊರಿಗೇನು ಉಪಯೋಗ, ಸಂಸ್ಥೆಗೆ ತೀರಿಸುವ ತಾಕತ್ತಿದೆಯೇ, ರೇಟಿಂಗ್ (ಸಾಲ ತೀರುವ ಭರವಸೆಯ ದರ್ಜೆ) ಇಲ್ಲದ ಬಾಂಡನ್ನು ಸಣ್ಣ ಹೂಡಿಕೆದಾರರಿಗೆ ಮಾರುತ್ತಾರೋ, ನಗರದ ವಕೀಲರ ಖರ್ಚು ಸಂಸ್ಥೆಯೇ ಕೊಡುತ್ತದೋ, ಕೌನ್ಸಿಲ್ ಇವನ್ನು ತೂಗಿ ನೋಡಬೇಕು. ಸಣ್ಣ ಊರಿಗೆ ಇನ್ನೊಂದು ಕಟ್ಟುಪಾಡಿದೆ. ವರ್ಷಕ್ಕೆ 1 ಕೋಟಿ ಡಾಲರ್ ಮೀರದಂತೆ ಸಾಲವೆತ್ತುವ ನಗರದ ಬಾಂಡ್ ಕೊಂಡರೆ ಬ್ಯಾಂಕುಗಳಿಗೆ ತೆರಿಗೆಯಲ್ಲಿ ಅನುಕೂಲ. ಲಾಭರಹಿತ ಆಸ್ಪತ್ರೆಗೆಂದು ನಗರ ಹೊರಡಿಸಿದ್ದೂ ಅದೇ ಲೆಕ್ಕಕ್ಕೆ ಸೇರುತ್ತದೆ. ಮಿತಿ ದಾಟಿದರೆ ಆ ಅನುಕೂಲ ತಪ್ಪಿ, ಆ ವರ್ಷ ನಮ್ಮ ರಸ್ತೆ, ನೀರಿನ ಟ್ಯಾಂಕಿನ ಸಾಲ ದುಬಾರಿಯಾಗಬಹುದು. ‘ಬರೀ ಹೆಸರು ತಾನೇ, ಕೊಟ್ಟರೇನು’ ಎನ್ನುವವರು ಇದನ್ನು ಯೋಚಿಸುವುದಿಲ್ಲ.

ನಿಮ್ಮಲ್ಲಿ ಹೊರಡಿಸುತ್ತಿರುವುದು ನಗರವೋ, ಹಲವು ನಗರ-ಕೌಂಟಿಗಳ ಜಂಟಿ ಪ್ರಾಧಿಕಾರವೋ ನೋಟಿಸಿನಲ್ಲಿ ನೋಡಿ. ಪ್ರಾಧಿಕಾರವಾದರೆ ‘ನಗರದ ಬಾಂಡ್’ ಎಂದೂ ಬರೆಯಕೂಡದು.

ಮರು:
ಮಿನೆಸೋಟದ ಮೇಡಂ ಹೇಳಿದ್ದು ಸರಿ. 1997ರಲ್ಲಿ ಬೆಂಗಳೂರು ಪಾಲಿಕೆ 125 ಕೋಟಿ ರೂಪಾಯಿ ಬಾಂಡ್ ಹೊರಡಿಸಿದಾಗ ರಾಜ್ಯ ಸರ್ಕಾರ ಖಾತರಿ ಕೊಟ್ಟಿತ್ತು. ಜಾಮೀನೆಂದರೆ ಅದು. ಇದಕ್ಕೆ ‘ಪರಾರ್ಥ ಸಾಲಪತ್ರ’ ಹೊಂದುತ್ತದೆ: ಪರರ ಸಲುವಾಗಿ ಎತ್ತಿದ ಸಾಲ.

— ಮೈಸೂರು

ಮರು:
ನಾಳ ಹೋಗಿ ಪರಾರ್ಥ ಬಂತು. ಸಕ್ಕದ ಬಿಟ್ಟರೆ ನಿಮಗೆ ಪದವೇ ಹುಟ್ಟುವುದಿಲ್ಲವೇ?

— ಶಿವಮೊಗ್ಗ

ಮರು:
ಜಮೀನು, ಕಚೇರಿ, ವಕೀಲ, ದಾಖಲೆ ಇವನ್ನೆಲ್ಲ ಬಿಟ್ಟು ಒಂದು ಕ್ರಯಪತ್ರ ಬರೆದು ತೋರಿಸಿ, ಆಮೇಲೆ ಮಾತಾಡೋಣ. ಜನ ಬಳಸಿ ಪಳಗಿಸಿದ ಪದ ಎಲ್ಲಿಂದ ಬಂದರೂ ಕನ್ನಡವೇ. ಬಳಸುವವರೇ ಇಲ್ಲದ ಹಾಯ್ಸಾಲ ಇನ್ನೂ ಕನ್ನಡವಾಗಿಲ್ಲ.

— ಮೈಸೂರು

ಮರು:
ಎಲ್ಲರಿಗೂ ಧನ್ಯವಾದ. ನೋಟಿಸು ನೋಡಿದೆ, ಹೊರಡಿಸುವುದು ಜಂಟಿ ಪ್ರಾಧಿಕಾರವೇ. ಅಹವಾಲಿನಲ್ಲಿ ಕಿವಿಗೆ ಬೀಳುವುದು ‘ಕಂಡ್ಯೂಟ್ ಬಾಂಡ್’, ಹಾಗಾಗಿ ಅದನ್ನೇ ಉಳಿಸಿ ಕೆಳಗೆ ಹೀಗೆ ಹಾಕುತ್ತಿದ್ದೇನೆ: ‘ಜಂಟಿ ಪ್ರಾಧಿಕಾರದ ಹೆಸರಲ್ಲಿ ಎತ್ತುವ ಸಾಲ. ತೀರಿಸಬೇಕಾದ್ದು ಮನೆ ಕಟ್ಟುವ ಸಂಸ್ಥೆ. ನಗರ ಜಾಮೀನು ನಿಂತಿಲ್ಲ.’ ಮೇಡಂ ಕೊಟ್ಟ ಪ್ರಶ್ನೆಗಳನ್ನೂ ಸೇರಿಸುತ್ತೇನೆ.

ಮರು:
‘ಜಾಮೀನು ನಿಂತಿಲ್ಲ’ ತೆಗೆದು ‘ನಗರ ಹೊಣೆಯಲ್ಲ’ ಹಾಕಿ. ಪ್ರಿಂಟಿಗೆ ಇನ್ನೂ ಹೊತ್ತಿದೆ.

— ಶಿವಮೊಗ್ಗ