ಬಿಗಿದ ಮುಷ್ಟಿ ಬಿಡಿಸುವ ಸಾಧನಕ್ಕೆ ಮೋಟಾರು ಬೇಕೇ, ಸ್ಪ್ರಿಂಗ್ ಸಾಕೇ?

ಪ್ರಶ್ನೆ (ಮೆಕ್ಯಾನಿಕಲ್ ವಿದ್ಯಾರ್ಥಿ, ಹುಬ್ಬಳ್ಳಿ):
ಪಾರ್ಶ್ವವಾಯುವಿನ ನಂತರ ಬೆರಳು ಬಿಡಿಸಲಾಗದವರಿಗಾಗಿ ಕೈಗೆ ತೊಡುವ ಸಾಧನವೊಂದನ್ನು ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇವೆ. ಬೆರಳಿನ ಮೇಲ್ಬದಿಗೆ ಹಿಂಜ್‌ಗಳನ್ನು ಕೂರಿಸಿ, ಮೋಟಾರಿನಿಂದ ಮಡಿಸಿ ಬಿಡಿಸುವುದು ನಮ್ಮ ವಿನ್ಯಾಸ. ಆದರೆ ಬೆರಳು ಮಡಚಿದಾಗಲೆಲ್ಲ ಪಟ್ಟಿಗಳು ಜಾರಿ ಚರ್ಮವನ್ನು ಉಜ್ಜುತ್ತವೆ. ಹಿಂಜಿನ ಜಾಗ ಬದಲಿಸಿದರೆ ಸಾಕೇ?

ಉತ್ತರ 1 (ಇಂಜಿನಿಯರಿಂಗ್ ಅಧ್ಯಾಪಕ, ಧಾರವಾಡ):
ಸಾಲದು. ಗೆಣ್ಣು ತಿರುಗುವ ಅಕ್ಷ ಬೆರಳಿನ ಒಳಗಿದೆ, ನಿಮ್ಮ ಹಿಂಜ್ ಅದರ ಮೇಲಿದೆ. ಬೆರಳು ಮಡಚಿದಂತೆ ಮೇಲ್ಬದಿಯ ಚರ್ಮ ಹಿಗ್ಗಿ ಉದ್ದವಾಗುತ್ತದೆ, ಲೋಹದ ಪಟ್ಟಿ ಹಿಗ್ಗುವುದಿಲ್ಲ. ಆ ವ್ಯತ್ಯಾಸವೇ ಉಜ್ಜುವಿಕೆಗೆ ಕಾರಣ. ಬೆರಳಿನುದ್ದಕ್ಕೂ ಹಿಂದೆ-ಮುಂದೆ ಜಾರುವ ಭಾಗವೊಂದನ್ನು ಸೇರಿಸಬಹುದು, ಇಲ್ಲವೇ ತಂತಿಯಿಂದ ಎಳೆಯಬಹುದು. ಸೈಕಲ್ ಬ್ರೇಕಿನಂಥ ಕವಚದ ತಂತಿ ಬಳಸಿದರೆ ಮೋಟಾರಿನ ಭಾರ ಮುಂಗೈಗೆ ಹೋಗುತ್ತದೆ, ಆದರೆ ತಂತಿಯ ಪ್ರತಿ ತಿರುವೂ ಘರ್ಷಣೆಯನ್ನು ಹೆಚ್ಚಿಸುತ್ತದೆ. ಎಳೆತ ಬೆರಳೆಲುಬಿಗೆ ಲಂಬವಾಗಿರಲಿ. ಓರೆಯಾದರೆ ಬಲದ ಒಂದು ಭಾಗ ಕೀಲನ್ನು ಒತ್ತುತ್ತದೆ ಅಥವಾ ಜಗ್ಗುತ್ತದೆ.

ಉತ್ತರ 2 (ಫಿಜಿಯೋಥೆರಪಿಸ್ಟ್, ಹುಬ್ಬಳ್ಳಿ):
ಮೋಟಾರಿಗಿಂತ ಮೊದಲು ಕೈಯನ್ನು ನೋಡಿ. ಇಂಥ ಅನೇಕರಲ್ಲಿ ಮುಚ್ಚುವ ಶಕ್ತಿ ಸ್ವಲ್ಪ ಉಳಿದಿರುತ್ತದೆ, ಇಲ್ಲದಿರುವುದು ಬಿಡಿಸುವ ಶಕ್ತಿ. ಆದ್ದರಿಂದ ಬಿಡಿಸುವುದನ್ನು ಸ್ಪ್ರಿಂಗಿಗೆ ವಹಿಸಿ, ಹಿಡಿಯುವ ಮತ್ತು ಹಿಡಿತ ಸಡಿಲಿಸುವ ಕೆಲಸವನ್ನು ರೋಗಿಗೇ ಬಿಡಿ. ಸೇಬೋಫ್ಲೆಕ್ಸ್ ಎಂಬ ಸಾಧನ ಇದೇ ತತ್ವದ ಮೇಲೆ ನಡೆಯುತ್ತದೆ. ಎರಡನ್ನೂ ಯಂತ್ರವೇ ಮಾಡಿದರೆ ಕೀಲು ಸಡಿಲವಾಗಿ ಉಳಿದೀತು, ಆದರೆ ಮಿದುಳು ಚಲನೆಯನ್ನು ಮತ್ತೆ ಕಲಿಯಲು ಬೇಕಾದ ಸ್ವಂತ ಪ್ರಯತ್ನ ನಡೆಯುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಮಣಿಕಟ್ಟನ್ನು ಮರೆಯಬೇಡಿ. ಅದು ಕೆಳಗೆ ಬಾಗಿದರೆ ಸ್ನಾಯುರಜ್ಜುಗಳ (ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿಗಳ) ಎಳೆತದಿಂದ ಬೆರಳುಗಳು ತೆರೆದುಕೊಳ್ಳುತ್ತವೆ, ಮೇಲೆತ್ತಿದರೆ ಮಡಚಿಕೊಳ್ಳುತ್ತವೆ. ಮಣಿಕಟ್ಟಿಗೆ ಆಧಾರವಿಲ್ಲದೆ ಸ್ಪ್ರಿಂಗಿನ ಬಲ ನಿಗದಿಪಡಿಸಲಾಗದು. ವೇಗವಾಗಿ ಎಳೆದಷ್ಟೂ ಬಿಗಿತ ಹೆಚ್ಚುತ್ತದೆ, ಹಾಗಾಗಿ ನಿಧಾನವಾಗಿ ಎಳೆಯಲಿ. ಬೆರಳು ಹಿಂದಕ್ಕೆ ಅತಿಯಾಗಿ ಬಾಗದಂತೆ ತಡೆ ಪ್ರೋಗ್ರಾಂನಲ್ಲಷ್ಟೇ ಅಲ್ಲ, ಲೋಹದಲ್ಲೂ ಇರಬೇಕು. ನೈತಿಕ ಸಮಿತಿಯ ಒಪ್ಪಿಗೆ ಮತ್ತು ಚಿಕಿತ್ಸಕರ ಉಪಸ್ಥಿತಿ ಇಲ್ಲದೆ ರೋಗಿಗಳ ಮೇಲೆ ಪರೀಕ್ಷಿಸಬೇಡಿ.

ಉತ್ತರ 3 (ರೋಗಿಯ ಮಗಳು, ಗದಗ):
ನಮ್ಮ ಅವ್ವನಿಗೆ ಎಡಗೈ ಬಿಗಿದಿದೆ. ಕೈಗವಸಿನಂತೆ ಬೆರಳು ತೂರಿಸುವ ಸಾಧನವನ್ನು ಬಿಗಿದ ಮುಷ್ಟಿಗೆ ತೊಡಿಸುವುದು ಬಹಳ ಕಷ್ಟ. ಮೇಲಿನಿಂದ ಇಟ್ಟು ಪಟ್ಟಿ ಕಟ್ಟುವಂತಿದ್ದರೆ ಮನೆಯಲ್ಲಿ ಒಬ್ಬರೇ ತೊಡಿಸಬಹುದು. ಆ ಕೈಯಲ್ಲಿ ಸ್ಪರ್ಶಜ್ಞಾನವೂ ಕಡಿಮೆಯಾಗಿರುವುದರಿಂದ ಒತ್ತಿದರೂ ಅವರಿಗೆ ತಿಳಿಯದು, ತೆಗೆದಾಗಲೆಲ್ಲ ಚರ್ಮ ಕೆಂಪಾಗಿದೆಯೇ ಎಂದು ನಾನೇ ನೋಡಬೇಕು. ಅಂಗೈ ಭಾಗವನ್ನು ದಯವಿಟ್ಟು ಖಾಲಿ ಬಿಡಿ. ಎಡಗೈಯಿಂದ ಖಟಿ ರೊಟ್ಟಿಯನ್ನು ಹಿಡಿದು ಬಲಗೈಯಿಂದ ತಾವೇ ಮುರಿದುಕೊಳ್ಳಬೇಕೆಂಬುದು ಅವರ ಆಸೆ, ಅದಕ್ಕೆ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ನಿಲ್ಲಬೇಕು.