ಪದಚರ್ಚೆ: ಆಟೋಮ್ಯಾಟಿಕ್ ಕಾರಿನ ‘ಟ್ರಾನ್ಸ್‌ಮಿಷನ್ ಕೂಲರ್’ ಕೂರಿಸುವ ಕೆಲಸ – ಗ್ಯಾರೇಜಿಗೆ ಒಪ್ಪುವ ಕನ್ನಡ ಯಾವುದು?

ಗೆಳೆಯರಿಗೆಲ್ಲ ನಮಸ್ಕಾರ.

ಹಾಸನದ ಒಂದು ಗ್ಯಾರೇಜಿಗೆ ಕನ್ನಡದಲ್ಲಿ ಕೆಲಸದ ಚೀಟಿ ಬರೆದುಕೊಡುತ್ತಿದ್ದೇನೆ. ಆಟೋಮ್ಯಾಟಿಕ್ ಕಾರಿಗೆ ಹೊರಗಡೆಯಿಂದ ತಂದ ಟ್ರಾನ್ಸ್‌ಮಿಷನ್ ಕೂಲರ್ ಕೂರಿಸುವುದು ಹೇಗೆ ಅಂತ ಹೇಳುವ ಚೀಟಿ. ಗೇರ್ ಬಾಕ್ಸಿನ ಆಯಿಲಿನ ಬಿಸಿ ಇಳಿಸುವ, ರೇಡಿಯೇಟರಿನಂಥದ್ದೇ ಚಿಕ್ಕ ಜಾಲರಿ ಈ ಕೂಲರ್. ಡಬ್ಬದೊಳಗೆ ಬರುವ ಸೂಚನೆಯೆಲ್ಲ ಇಂಗ್ಲಿಷಿನಲ್ಲಿದೆ. ಅಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು ಕನ್ನಡವನ್ನು ಸಲೀಸಾಗಿ ಓದುತ್ತಾರೆ, ಇಂಗ್ಲಿಷಿನ ಮುಂದೆ ನಿಂತುಬಿಡುತ್ತಾರೆ. ನಟ್ಟು, ಬೋಲ್ಟು, ಕ್ಲಾಂಪು, ಬ್ರಾಕೆಟ್ಟು, ರೇಡಿಯೇಟರ್ – ಇವುಗಳನ್ನು ನಾನು ಮುಟ್ಟಲು ಹೋಗಿಲ್ಲ. ಅವು ನಮ್ಮವೇ ಆಗಿಹೋಗಿವೆ. ತೊಡಕಿರುವುದು ಬೇರೆ ಕಡೆ. ಕೆಲವು ಮಾತು ಕನ್ನಡದಲ್ಲಿ ಆಗಲೇ ಬಳಕೆಯಲ್ಲಿವೆ, ಆದರೆ ಇಲ್ಲಿ ಬೇರೆಯದೇ ಅರ್ಥ ಕೊಡುತ್ತವೆ. ಓದಿದವನು ತಪ್ಪು ಆಯಿಲ್ ಸುರಿಯಬಹುದು, ತಪ್ಪು ಪೈಪು ಕತ್ತರಿಸಬಹುದು. ಅಂಥ ಮಾತುಗಳನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರು. ಗ್ಯಾರೇಜಿನಲ್ಲಿ ಕೇಳಿದರೆ ಥಟ್ಟನೆ ‘ಗೇರ್ ಆಯಿಲ್ ಕೂಲರ್’ ಅನ್ನುತ್ತಾರೆ. ಕೇಳಲು ಸರಿಯಾಗೇ ಇದೆ. ಆದರೆ ಗೇರ್ ಆಯಿಲ್ ಅಂದಕೂಡಲೇ ನಮ್ಮ ಮೆಕ್ಯಾನಿಕ್‌ಗಳ ಮನಸ್ಸಿಗೆ ಬರುವುದು ಮಾಮೂಲಿ ಗೇರ್ ಬಾಕ್ಸಿಗೂ ಹಿಂದಿನ ಆಕ್ಸಲ್ಲಿನ ಹೌಸಿಂಗಿಗೂ ಹಾಕುವ ದಪ್ಪ ಆಯಿಲ್. 80ಡಬ್ಲ್ಯೂ-90 ಅಂತ ಡಬ್ಬದ ಮೇಲೆ ಬರೆದಿರುತ್ತದಲ್ಲ, ಅದು. ಗಂಧಕದಂಥ ಘಾಟು ವಾಸನೆ ಬರುತ್ತದೆ. ಆಟೋಮ್ಯಾಟಿಕ್ ಗೇರ್ ಬಾಕ್ಸಿನೊಳಗೆ ಇರುವುದು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್. ತೆಳ್ಳಗಿರುತ್ತದೆ, ಸಾಮಾನ್ಯವಾಗಿ ಕೆಂಪು ಬಣ್ಣ ಹಾಕಿರುತ್ತಾರೆ. ಅದು ಬರೀ ಹಲ್ಲಿಗೆ ಸವರುವ ಆಯಿಲ್ ಅಲ್ಲ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೂರುವ ಟಾರ್ಕ್ ಕನ್ವರ್ಟರಿನಲ್ಲಿ ಇಂಜಿನ್ನಿನ ಬಲವನ್ನು ದಾಟಿಸುವುದೂ ಅದೇ, ಒಳಗಿನ ಕ್ಲಚ್ಚುಗಳನ್ನು ಒತ್ತಿ ಗೇರು ಬದಲಿಸುವುದೂ ಅದೇ, ಬಿಸಿಯನ್ನು ಹೊತ್ತು ಹೊರಗೆ ತರುವುದೂ ಅದೇ. ಅದರ ಜಾಗಕ್ಕೆ ದಪ್ಪ ಗೇರ್ ಆಯಿಲ್ ಬಿದ್ದರೆ ಗೇರ್ ಬಾಕ್ಸ್ ಉಳಿಯುವುದಿಲ್ಲ. ಕೂಲರ್ ಹಾಕಿದ ಮೇಲೆ ಆಯಿಲ್ ಕಡಿಮೆಯಾಗಿರುತ್ತದೆ, ಯಾಕೆಂದರೆ ಹೊಸ ಕೂಲರಿನ ಹೊಟ್ಟೆಯನ್ನೂ ಉದ್ದ ಪೈಪನ್ನೂ ತುಂಬಬೇಕು. ಆಗ ಚೀಟಿಯಲ್ಲಿ ‘ಗೇರ್ ಆಯಿಲ್ ತುಂಬಿಸಿ’ ಅಂತ ನಾನು ಬರೆದಿದ್ದರೆ? ಕಲಿಯುವ ಹುಡುಗ ಪಕ್ಕದಲ್ಲಿದ್ದ ಡಬ್ಬವನ್ನೇ ಎತ್ತಿಕೊಳ್ಳುತ್ತಾನೆ. ಅವನದ್ದು ತಪ್ಪಲ್ಲ.

ಇನ್ನೊಂದು ಹೆಸರೂ ಓಡಾಡುತ್ತಿದೆ, ‘ಸ್ಟೀರಿಂಗ್ ಆಯಿಲ್’. ಹಲವು ಗಾಡಿಗಳ ಪವರ್ ಸ್ಟೀರಿಂಗಿಗೆ ಇದೇ ಜಾತಿಯ ಕೆಂಪು ಆಯಿಲ್ ಹಾಕುವುದರಿಂದ ಬಂದ ಹೆಸರಿದು. ಇದೂ ಅಪಾಯವೇ. ಎಟಿಎಫ್‌ನಲ್ಲೇ ನಾನಾ ಬಗೆ ಇವೆ, ಪ್ರತಿ ಗೇರ್ ಬಾಕ್ಸಿಗೂ ಕಂಪನಿಯವರು ಹೇಳಿದ್ದನ್ನೇ ಹಾಕಬೇಕು. ‘ಪ್ರಸರಣ ದ್ರವ’ ಅಂತ ಯಾರೋ ಸೂಚಿಸಿದರು. ಅದನ್ನು ಓದಿ ಸರಿಯಾದ ಡಬ್ಬ ಎತ್ತಿಕೊಡುವವರು ನಮ್ಮ ಕಡೆ ಯಾರೂ ಸಿಗಲಾರರು. ನನ್ನ ಒಲವು ‘ಎಟಿಎಫ್ ಕೂಲರ್’ ಕಡೆಗೇ ಇದೆ. ಡಬ್ಬದ ಮೇಲೆ ಅದೇ ಅಕ್ಷರ ಇರುತ್ತದೆ, ಚೀಟಿಯಲ್ಲೂ ಅದೇ ಇದ್ದರೆ ಹೊಂದಿಸಿ ನೋಡಬಹುದು. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಖಂಡಿತ ಹೇಳಿ.

ಇದರ ಬೆನ್ನಿಗೇ ಬರುವುದು ‘ಆಟೋಮ್ಯಾಟಿಕ್’. ಈ ಒಂದು ಮಾತು ಈಗ ಜಾಸ್ತಿ ಭಾರ ಹೊತ್ತಿದೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಕಡಿಮೆ ಬೆಲೆಯ ಕಾರುಗಳಲ್ಲೂ ಕ್ಲಚ್ಚಿಲ್ಲದ ಎರಡೇ ಪೆಡಲ್ ಮಾಮೂಲಾಯಿತು. ಅದರಲ್ಲಿರುವುದು ಎಎಂಟಿ. ಅಂದರೆ ಮಾಮೂಲಿ ಗೇರ್ ಬಾಕ್ಸೇ, ಕ್ಲಚ್ಚು ಒತ್ತುವ, ಗೇರು ಹಾಕುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಅದಕ್ಕೆ ಟಾರ್ಕ್ ಕನ್ವರ್ಟರ್ ಇಲ್ಲ, ರೇಡಿಯೇಟರಿಗೆ ಹೋಗುವ ಆಯಿಲ್ ಪೈಪೂ ಇಲ್ಲ. ಹಾಗಾಗಿ ಕೂಲರ್ ಕೂರಿಸಲು ಜಾಗವೇ ಇಲ್ಲ. ಡಿಸಿಟಿ ಅಂದರೆ ಎರಡು ಕ್ಲಚ್ಚಿನ ಗೇರ್ ಬಾಕ್ಸ್. ಡ್ರೈ ಕ್ಲಚ್ಚಿನ ಡಿಸಿಟಿಯಲ್ಲಿ ಬಿಸಿಯಾಗುವುದು ಕ್ಲಚ್ ಪ್ಲೇಟು. ಅದು ಆಯಿಲಿನೊಳಗೆ ಮುಳುಗಿರುವುದಿಲ್ಲ, ಆಯಿಲ್ ತಣಿಸಿದರೆ ಅದಕ್ಕೇನೂ ಆಗುವುದಿಲ್ಲ. ಸಿವಿಟಿ ಅನ್ನುವ ಇನ್ನೊಂದು ಬಗೆಯಲ್ಲಿ ಗೇರಿನ ಬದಲು ಬೆಲ್ಟೂ ಪುಲ್ಲಿಯೂ ಇವೆ, ಅದರ ಆಯಿಲ್ ಬೇರೆ. ನಮ್ಮ ಚೀಟಿ ಟಾರ್ಕ್ ಕನ್ವರ್ಟರ್ ಇರುವ ಗಾಡಿಗೆ ಮಾತ್ರ, ಇನ್ನೋವಾ ಕ್ರಿಸ್ಟಾ ಆಟೋಮ್ಯಾಟಿಕ್ ಥರದ್ದಕ್ಕೆ. ನಾಲ್ಕಕ್ಕೂ ಜನರ ಬಾಯಲ್ಲಿ ಹೆಸರು ಒಂದೇ. ‘ನಮ್ದೂ ಆಟೋಮ್ಯಾಟಿಕ್ಕೇ, ನಮ್ಗೂ ಕೂಲರ್ ಹಾಕಿ’ ಅಂತ ಬಂದವರಿಗೆ ಏನಂತ ಹೇಳುವುದು? ‘ಕನ್ವರ್ಟರ್ ಗಾಡಿ’ ಅನ್ನುವ ಮಾತನ್ನು ಒಂದಿಬ್ಬರು ಮೆಕ್ಯಾನಿಕ್‌ಗಳ ಬಾಯಲ್ಲಿ ಕೇಳಿದ್ದೇನೆ. ಚಿಕ್ಕದು, ನಾಲಿಗೆಗೆ ಸುಲಭ. ಚಿಕ್ಕಮಗಳೂರು, ಮೂಡಿಗೆರೆ ಕಡೆಯೂ ಹೀಗೇ ಅನ್ನುತ್ತಾರಾ? ಇದು ನಮ್ಮ ಊರಿನದೊಂದೇ ಆದರೆ ಚೀಟಿಯಲ್ಲಿ ಬಿಡಿಸಿ ಬರೆಯಬೇಕಾಗುತ್ತದೆ.

ಇನ್ನು ಬಿಸಿಯ ಮಾತು. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಬರುವಾಗ, ಲೋಡು ಲಾರಿ ಹಿಂದೆ ಸಿಕ್ಕಿಕೊಂಡು ತೆವಳುತ್ತೇವಲ್ಲ, ಆಗ ಗೇರ್ ಬಾಕ್ಸಿನ ಆಯಿಲ್ ಚೆನ್ನಾಗಿ ಕಾಯುತ್ತದೆ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ರಜೆ ದಿನ ಸಾಲುಗಟ್ಟಿ ಹತ್ತುವಾಗಲೂ ಅಷ್ಟೇ. ಕನ್ವರ್ಟರಿನೊಳಗೆ ಇಂಜಿನ್ ಕಡೆಯ ಚಕ್ರ ಜೋರಾಗಿ ತಿರುಗುತ್ತಿರುತ್ತದೆ, ಗೇರ್ ಬಾಕ್ಸ್ ಕಡೆಯದು ಹಿಂದೆ ಬೀಳುತ್ತದೆ. ಎರಡರ ನಡುವಿನ ವ್ಯತ್ಯಾಸವೆಲ್ಲ ಆಯಿಲಿನಲ್ಲಿ ಬಿಸಿಯಾಗಿ ಕೂರುತ್ತದೆ. ಸಲೀಸು ರಸ್ತೆಯಲ್ಲಿ ಎರಡನ್ನೂ ಕೂಡಿಸಿ ಹಿಡಿಯುವ ಲಾಕಪ್ ಕ್ಲಚ್ ನಿಧಾನದ ತಿರುವುಗಳಲ್ಲಿ ಬಿಟ್ಟುಕೊಂಡಿರುತ್ತದೆ. ಆಯಿಲ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. 120 ದಾಟಿ ಅಲ್ಲೇ ನಿಂತರೆ ಬೇಗ ಕೆಡುತ್ತದೆ.

ಆದರೆ ‘ಗಾಡಿ ಹೀಟ್ ಆಯ್ತಾ?’ ಅಂತ ಕೇಳಿದರೆ ಎಲ್ಲರೂ ‘ಇಲ್ಲ, ಮುಳ್ಳು ಮಧ್ಯದಲ್ಲೇ ಇತ್ತು’ ಅನ್ನುತ್ತಾರೆ. ಆ ಮುಳ್ಳು ತೋರಿಸುವುದು ಇಂಜಿನ್ನಿನ ಕೂಲಂಟಿನ, ಅಂದರೆ ರೇಡಿಯೇಟರಿನಲ್ಲಿ ಓಡಾಡುವ ನೀರಿನ, ಬಿಸಿಯನ್ನು. ಗೇರ್ ಬಾಕ್ಸಿನ ಆಯಿಲಿಗೂ ಅದಕ್ಕೂ ನೇರ ಸಂಬಂಧವಿಲ್ಲ. ‘ಹೀಟ್ ಆಗೋದು’ ಅನ್ನುವ ಮಾತನ್ನು ಇಂಜಿನ್ನಿಗೇ ಬಿಟ್ಟು, ಗೇರ್ ಬಾಕ್ಸಿನ ಆಯಿಲಿಗೆ ‘ಕಾಯುವುದು’ ಅಂತ ಬಳಸಿದರೆ ಹೇಗೆ? ಎಣ್ಣೆ ಕಾಯುವುದು ನಮಗೆ ಅಡುಗೆಮನೆಯಿಂದಲೇ ಗೊತ್ತು. ಅದರ ಎದುರು ಮಾತಾಗಿ ‘ತಂಪು ಮಾಡುವುದು’ ಬೇಡ ಅನ್ನಿಸುತ್ತದೆ. ತಂಪು ಅಂದರೆ ಎಳನೀರಿನ ತಂಪು, ನೆರಳಿನ ತಂಪು. 90 ಡಿಗ್ರಿಯ ಆಯಿಲನ್ನು ತಂಪು ಅಂದರೆ ಯಾರಾದರೂ ಕೈಯಿಟ್ಟಾರು. ‘ಆರುವುದು’ ಸರಿಹೊಂದುತ್ತದೆ. ಒಲೆಯಿಂದ ಇಳಿಸಿದ ಹಾಲು ಆರಿದೆ ಅಂದರೆ ತಣ್ಣಗಾಗಿದೆ ಅಂತಲ್ಲ, ಬಿಸಿ ಇಳಿದಿದೆ ಅಂತ. ಕೂಲರ್ ಮಾಡುವುದೂ ಅಷ್ಟನ್ನೇ. ‘ಆಯಿಲ್ ಆರಿಸುವ ಜಾಲರಿ’ ಅಂತ ವಿವರಣೆಯಲ್ಲಿ ಬರೆದಿದ್ದೇನೆ. ‘ಆರಿಸು’ವಿಗೆ ಹೆಕ್ಕು, ಚುನಾಯಿಸು ಅನ್ನುವ ಅರ್ಥವೂ ಇರುವುದರಿಂದ ಎಡವಟ್ಟಾದೀತೇ ಅನ್ನುವ ಅನುಮಾನ ಒಂದಿದೆ. ‘ತಣಿಸುವ’ ಅಂದರೆ ಆ ತೊಡಕಿಲ್ಲ. ನೀವು ಯಾವುದಕ್ಕೆ ಕೈ ಎತ್ತುತ್ತೀರಿ?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಪೈಪುಗಳು. ಕಂಪನಿಯಿಂದ ಬಂದ ಗಾಡಿಯಲ್ಲಿ ಗೇರ್ ಬಾಕ್ಸಿನಿಂದ ಕಾದ ಆಯಿಲ್ ಒಂದು ಪೈಪಿನಲ್ಲಿ ರೇಡಿಯೇಟರಿನ ತೊಟ್ಟಿಯೊಳಗಿನ ಸಣ್ಣ ಕೂಲರಿಗೆ ಹೋಗುತ್ತದೆ, ಇನ್ನೊಂದರಲ್ಲಿ ವಾಪಸಾಗುತ್ತದೆ. ಬಹಳ ಗಾಡಿಗಳ ವ್ಯವಸ್ಥೆ ಇದು. ಹೊಸ ಕೂಲರನ್ನು ಈ ವಾಪಸಾಗುವ ಪೈಪನ್ನು ಕತ್ತರಿಸಿ ನಡುವೆ ಸೇರಿಸಬೇಕು. ರೇಡಿಯೇಟರ್ ಮೊದಲು, ಹೊಸ ಕೂಲರ್ ಆಮೇಲೆ. ಉಲ್ಟಾ ಮಾಡಿದರೆ ಹೊರಗಿನ ಗಾಳಿಗೆ ಆರಿದ ಆಯಿಲ್ ಮತ್ತೆ ಕೂಲಂಟಿನ ಬಿಸಿಯೊಳಗೆ ಹಾದು ಬರುತ್ತದೆ, ಪಟ್ಟ ಪಾಡು ಅರ್ಧ ದಂಡ.

ಇದನ್ನು ಗ್ಯಾರೇಜಿನಲ್ಲಿ ‘ಹೋಗೋ ಪೈಪು, ಬರೋ ಪೈಪು’ ಅನ್ನುತ್ತಾರೆ. ಸರಿ, ಬರೋದು ಎಲ್ಲಿಗೆ? ಬಾನೆಟ್ ಎತ್ತಿ ರೇಡಿಯೇಟರ್ ಮುಂದೆ ನಿಂತವನಿಗೆ ಗೇರ್ ಬಾಕ್ಸಿನಿಂದ ತನ್ನ ಕಡೆ ಬರುವುದೇ ‘ಬರೋ ಪೈಪು’. ಗಾಡಿ ಕೆಳಗೆ ಮಲಗಿದವನ ತಲೆ ಗೇರ್ ಬಾಕ್ಸಿನ ಹತ್ತಿರ ಇರುತ್ತದೆ. ಅವನಿಗೆ ರೇಡಿಯೇಟರಿನಿಂದ ಬರುವುದು ‘ಬರೋ ಪೈಪು’. ಇಬ್ಬರೂ ಒಂದೇ ಗಾಡಿಯಲ್ಲಿ ಕೆಲಸ ಮಾಡುತ್ತಾರೆ, ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ, ಇಬ್ಬರೂ ಸರಿಯಾದ ಕನ್ನಡವನ್ನೇ ಆಡುತ್ತಾರೆ. ಕತ್ತರಿ ಬೀಳುವುದು ಮಾತ್ರ ತಪ್ಪು ಪೈಪಿಗೆ. ನಮ್ಮಲ್ಲಿ ‘ಬಾ’ ಮತ್ತು ‘ಹೋಗು’ ಆಡುವವನು ಎಲ್ಲಿದ್ದಾನೆ ಅನ್ನುವುದರ ಮೇಲೆ ನಿಂತಿವೆ. ಹಾಗಾಗಿ ಕೆಲಸದ ಚೀಟಿಯಲ್ಲಿ ಅವೆರಡೂ ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ಬಿಸಿ ಪೈಪು, ಆರಿದ ಪೈಪು’ ಅಂತ ಬರೆದು ನೋಡಿದೆ. ಯಾವುದು ಯಾವುದು ಅಂತ ಪತ್ತೆ ಹಚ್ಚುವಾಗ ಅದು ಚೆನ್ನಾಗಿ ಒದಗುತ್ತದೆ. ಗಾಡಿ ಸ್ವಲ್ಪ ಓಡಿಸಿ ತಂದು ಥರ್ಮಾಮೀಟರ್ ಗನ್ ಹಿಡಿದರೆ ಜಾಸ್ತಿ ಬಿಸಿ ತೋರುವುದೇ ಗೇರ್ ಬಾಕ್ಸಿನಿಂದ ಹೊರಟ ಪೈಪು. ಆದರೆ ಹೊಸ ಕೂಲರ್ ಸೇರಿದ ಮೇಲೆ ಪೈಪು ಎರಡಲ್ಲ, ಮೂರು ತುಂಡು. ಕೊನೆಗೆ ಎರಡೂ ತುದಿಯ ಹೆಸರಿಟ್ಟೆ: ‘ಗೇರ್ ಬಾಕ್ಸ್–ರೇಡಿಯೇಟರ್ ಪೈಪು’, ‘ರೇಡಿಯೇಟರ್–ಕೂಲರ್ ಪೈಪು’, ‘ಕೂಲರ್–ಗೇರ್ ಬಾಕ್ಸ್ ಪೈಪು’. ಮೊದಲು ಬರುವ ಹೆಸರಿನಿಂದ ಆಮೇಲಿನದಕ್ಕೆ ಆಯಿಲ್ ಹರಿಯುತ್ತದೆ. ನಮ್ಮ ಬಸ್ಸಿನ ಬೋರ್ಡಿನ ಹಾಗೆ, ಹಾಸನ–ಬೇಲೂರು ಅಂದರೆ ಎಲ್ಲಿ ಹತ್ತಿ ಎಲ್ಲಿ ಇಳಿಯಬೇಕು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಉದ್ದವಾಯಿತು, ನಿಜ. ಆದರೂ ಗೊಂದಲವಿಲ್ಲ.

ಪೈಪಿನ ಜೊತೆಗೇ ಇನ್ನೊಂದು. ‘ರಬ್ಬರ್ ಪೈಪು’ ಅಂತಷ್ಟೇ ಬರೆದರೆ ನೀರಿನ ಪೈಪೋ ಪೆಟ್ರೋಲ್ ಪೈಪೋ ಕೈಗೆ ಸಿಕ್ಕಿದ್ದನ್ನು ಹಾಕಿಬಿಡುತ್ತಾರೆ. ಬಿಸಿ ಎಟಿಎಫ್‌ಗೆ ಅವು ಉಬ್ಬಿ ಮೆತ್ತಗಾಗಿ ಬಿಟ್ಟುಕೊಳ್ಳಬಹುದು. ಇದಕ್ಕೆ ಬೇರೆ ಪೈಪೇ ಇದೆ, ಮೈಮೇಲೆ ಎಸ್‌ಎಇ ಜೆ 1532 ಅಂತ ಅದರ ಗುಣಮಟ್ಟದ ಗುರುತು ಅಚ್ಚಾಗಿರುತ್ತದೆ. ಅದನ್ನು ‘ಎಟಿಎಫ್ ಪೈಪು’ ಅಂತಲೇ ಕರೆದಿದ್ದೇನೆ.

ಸೋರಿಕೆಯ ವಿಷಯಕ್ಕೆ ಬಂದರೆ ನಮ್ಮ ಭಾಷೆ ಇಂಗ್ಲಿಷ್ ಸೂಚನೆಗಿಂತ ಎಷ್ಟೋ ಮುಂದಿದೆ, ಇದು ನನಗೆ ಬಹಳ ಖುಷಿ ಕೊಟ್ಟಿತು. ಗ್ಯಾರೇಜಿನಲ್ಲಿ ಎಲ್ಲದಕ್ಕೂ ‘ಲೀಕ್’ ಅಂದುಬಿಡುತ್ತಾರೆ. ಆದರೆ ಜೋಡಣೆಯ ಸುತ್ತ ಬರೀ ಒದ್ದೆ ಕಂಡರೆ ‘ಜಿನುಗು’. ಒರೆಸಿದ ಮೇಲೂ ಮತ್ತೆ ಮತ್ತೆ ಮೈದೋರಿದರೆ ‘ಒಸರು’. ಹನಿಯಾಗಿ ನೆಲಕ್ಕೆ ಬಿದ್ದರೆ ‘ತೊಟ್ಟಿಕ್ಕು’. ನಿಲ್ಲದೆ ಹೋದರೆ ‘ಸೋರು’. ಜಿನುಗಿದರೆ ಒರೆಸಿ, ಒಂದು ಸುತ್ತು ಓಡಿಸಿ ಮತ್ತೆ ನೋಡಬೇಕು. ಒಸರಿದರೆ ರಬ್ಬರ್ ಪೈಪು ಲೋಹದ ತುದಿಯ ಉಬ್ಬನ್ನು ದಾಟಿ ಒಳಗೆ ಕೂತಿದೆಯಾ, ಕ್ಲಾಂಪು ಆ ಉಬ್ಬಿನ ಹಿಂದೆ ಬಿದ್ದಿದೆಯಾ ಅಂತ ಬಿಚ್ಚಿ ನೋಡಬೇಕು. ತೊಟ್ಟಿಕ್ಕಿದರೆ ಗಾಡಿ ಆಚೆ ಬಿಡುವ ಹಾಗಿಲ್ಲ. ಒಂದೊಂದು ಮಾತಿಗೆ ಒಂದೊಂದು ಕೆಲಸ ಅಂತ ಹೀಗೆ ಗೊತ್ತು ಮಾಡಿದ್ದೇನೆ. ಜಿನುಗು ಮತ್ತು ಒಸರಿನ ನಡುವೆ ನಾನು ಎಳೆದ ಗೆರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಕೆಲವರಿಗೆ ಎರಡೂ ಒಂದೇ ಇರಬಹುದು.

ನೆಲದ ಮೇಲೆ ಬಿದ್ದ ಕೆಂಪು ಹನಿಯೆಲ್ಲ ಎಟಿಎಫ್ ಅಲ್ಲ ಅನ್ನುವುದನ್ನೂ ಸೇರಿಸಿದ್ದೇನೆ. ಕೆಲವು ಕೂಲಂಟೂ ಕೆಂಪು, ಗುಲಾಬಿ ಬಣ್ಣಕ್ಕಿರುತ್ತದೆ. ಎರಡು ಬೆರಳ ನಡುವೆ ಉಜ್ಜಿ ನೋಡಿದರೆ ಎಟಿಎಫ್ ಜಿಡ್ಡು. ಕೂಲಂಟು ನೀರು ನೀರು, ಒಣಗಿದರೆ ಅಂಟು, ಕೈ ತೊಳೆದರೆ ಹೋಗುತ್ತದೆ. ‘ಜಿಡ್ಡು’, ‘ಅಂಟು’ – ಇಷ್ಟೇ ಸಾಕು, ಬೇರೆ ವಿವರಣೆ ಬೇಕಾಗಲಿಲ್ಲ.

ಕೆಟ್ಟ ಆಯಿಲಿನ ವಾಸನೆಗೆ ‘ಸೀದ ವಾಸನೆ’ ಅಂತ ಹಾಕಿದ್ದೇನೆ. ‘ಕಮರು ವಾಸನೆ’ ಇನ್ನೂ ಹತ್ತಿರದ್ದು ಅನ್ನಿಸುತ್ತದೆ, ಆದರೆ ಹುಡುಗರಿಗೆ ಅದು ಗೊತ್ತಿದೆಯೋ ಇಲ್ಲವೋ. ಆಯಿಲ್ ಕಂದು ತಿರುಗಿ ಸೀದ ವಾಸನೆ ಬರುತ್ತಿದ್ದರೆ ಕೂಲರ್ ಹಾಕಿ ಪ್ರಯೋಜನವಿಲ್ಲ, ಮೊದಲು ಗೇರ್ ಬಾಕ್ಸ್ ತೋರಿಸಬೇಕು.

ಕೂಲರಿನ ಮೈಮೇಲಿನ ತೆಳು ತಗಡುಗಳಿಗೆ ‘ರೆಕ್ಕೆ’ ಬೇಡ. ರೆಕ್ಕೆ ಅಂದರೆ ಎಲ್ಲರೂ ಪಕ್ಕದ ಫ್ಯಾನನ್ನೇ ನೋಡುತ್ತಾರೆ. ‘ಗರಿ’ ಅಂತ ಬರೆದಿದ್ದೇನೆ. ಕಿಟ್ಟಿನ ಜೊತೆ ಕೊಡುವ ಪ್ಲಾಸ್ಟಿಕ್ ಕಡ್ಡಿಗಳನ್ನು ರೇಡಿಯೇಟರಿನ ಮುಂದಿರುವ ಎಸಿ ಜಾಲರಿಯ (ಕಂಡೆನ್ಸರ್) ಗರಿಗಳ ನಡುವೆ ತೂರಿಸಿ ಕಟ್ಟಬೇಡಿ, ಅದುರಿ ಅದುರಿ ತೂತು ಬೀಳಬಹುದು, ಬ್ರಾಕೆಟ್ಟಿನಲ್ಲೇ ಕೂರಿಸಿ ಅನ್ನುವ ಸಾಲು ‘ಗರಿ’ ಇಟ್ಟ ಮೇಲೆ ಸಲೀಸಾಗಿ ಬಂತು. ‘ಬೈಪಾಸ್’ ಹಾಗೇ ಇರಲಿ. ಚಳಿಗಾಲದ ಬೆಳಿಗ್ಗೆ ಆಯಿಲ್ ಬೆಚ್ಚಗಾಗುವ ತನಕ ಕೂಲರಿನೊಳಗೆ ಹೋಗದೆ ಸುತ್ತಿಕೊಂಡು ಹೋಗಲಿ ಅಂತ ಇಡುವ ದಾರಿ ಅದು. ಊರ ಹೊರಗಿನ ರಸ್ತೆಯಿಂದ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ಕಾರು ಕಂಪನಿಯಲ್ಲದೆ ಬೇರೆಯವರು ಮಾಡಿ ಮಾರುವ ಮಾಲಿಗೆ ಹೇಳುವ ‘ಆಫ್ಟರ್‌ಮಾರ್ಕೆಟ್’ ಅನ್ನುವುದಕ್ಕೆ ಮಾತ್ರ ಇನ್ನೂ ತೃಪ್ತಿಯಾಗುವ ಮಾತು ಸಿಕ್ಕಿಲ್ಲ. ‘ಲೋಕಲ್’ ಅಂದರೆ ಕಳಪೆ, ‘ಡೂಪ್ಲಿಕೇಟ್’ ಅಂದರೆ ನಕಲಿ. ಇದು ಎರಡೂ ಅಲ್ಲ. ಕಾರು ಕಂಪನಿಯದ್ದಲ್ಲ, ಆದರೂ ಹೆಸರಾಂತ ತಯಾರಕರ ಒಳ್ಳೆಯ ಮಾಲೇ ಇರಬಹುದು. ಸದ್ಯಕ್ಕೆ ‘ಹೊರಗಿನ ಕೂಲರ್’ ಅಂತಿದೆ. ಅದನ್ನು ಓದಿದವರು ‘ಗಾಡಿಯ ಹೊರಗಡೆ ಕೂರಿಸುವ ಕೂಲರ್’ ಅಂದುಕೊಳ್ಳುತ್ತಾರೆ, ಅಲ್ವಾ? ‘ಬೇರೆ ಕಂಪನಿ ಕೂಲರ್’ ಅಂದರೆ ಸಾಕೇ? ಬಿಡಿಭಾಗದ ಅಂಗಡಿ ನಡೆಸುವವರು ಯಾರಾದರೂ ನಮ್ಮಲ್ಲಿದ್ದರೆ, ಗಿರಾಕಿಗೆ ನೀವು ಬಾಯಲ್ಲಿ ಏನಂತ ಹೇಳಿ ಕೊಡುತ್ತೀರಿ ಅನ್ನುವುದನ್ನೇ ದಯವಿಟ್ಟು ಬರೆಯಿರಿ. ‘ಕನ್ವರ್ಟರ್ ಗಾಡಿ’ ಮತ್ತು ಆರಿಸು–ತಣಿಸು ಬಗ್ಗೆಯೂ ನಿಮ್ಮ ಮಾತು ಬೇಕು. ಅವು ಬಂದ ಮೇಲೆ ಚೀಟಿಯನ್ನು ಅಚ್ಚು ಹಾಕಿಸಿ ಗ್ಯಾರೇಜಿನ ಗೋಡೆಗೆ ಅಂಟಿಸುತ್ತೇವೆ.

ವಂದನೆಗಳೊಂದಿಗೆ,
ಹಾಸನದಿಂದ